ಸೊಸೆಯಂದಿರು ಮುಟ್ಟಬಾರದ ಪಾಟಿ

ನಮ್ಮ ಮನೆಯ ದೇವರ ಕೋಣೆಯಲ್ಲಿ ಒಂದು ಪಿಂಗಾಣಿ ಪಾಟಿ ಇದೆ. ಪಾಟಿ ಅಂದರೆ ನಮ್ಮ ಕಡೆ ಮಕ್ಕಳು ಬಳಪದಲ್ಲಿ ಬರೆಯುವ ಸ್ಲೇಟು. ಹೆಚ್ಚುಕಡಿಮೆ ಅದೇ ಅಳತೆ ಇರುವುದರಿಂದ ಮನೆಯವರು ಆ ಹೆಸರಿಟ್ಟರು. ಕಪ್ಪು ಕಲ್ಲಿನ ಬದಲು ಬಿಳಿ ಪಿಂಗಾಣಿ, ಅದರ ಮೇಲೆ ಕೈಯಿಂದ ಬರೆದ ಬಣ್ಣದ ಚಿತ್ರ, ಸುತ್ತ ಬಂಗಾರದ ಬಣ್ಣ ಬಳಿದ ಕೆತ್ತನೆಯ ಕಟ್ಟು. ಜರ್ಮನಿಯಲ್ಲಿ ಮಾಡಿದ್ದು. ರಬಕವಿಯ ನೇಕಾರರ ಓಣಿಯಲ್ಲಿ ಜರ್ಮನಿಯ ಪಿಂಗಾಣಿಗೆ ಏನು ಕೆಲಸ ಎಂದು ಬಂದವರೆಲ್ಲ ಕೇಳುತ್ತಾರೆ. ಬೆಲೆ ಎಷ್ಟಾದೀತು ಎಂದೂ ಕೇಳುತ್ತಾರೆ. ಬೆಲೆ ನನಗೆ ಗೊತ್ತಿಲ್ಲ, ತಿಳಿದುಕೊಳ್ಳಲು ಹೋಗಿಯೂ ಇಲ್ಲ. ಅದು ಹೇಗೆ ಬಂತು, ಹೇಗೆ ಉಳಿಯಿತು ಎಂಬುದನ್ನು ಮಾತ್ರ ಹೇಳಬಲ್ಲೆ.

ನನ್ನ ಮಾವನವರ ಅಜ್ಜ ನೂಲಿಗೆ ಹಾಕುವ ಬಣ್ಣದ ವ್ಯಾಪಾರ ಮಾಡುತ್ತಿದ್ದರು. ಆ ಕಾಲದಲ್ಲಿ ಬಣ್ಣ ಡಬ್ಬಿಗಳಲ್ಲಿ ಜರ್ಮನಿಯಿಂದ ಮುಂಬಯಿಗೆ ಬಂದು, ಅಲ್ಲಿಂದ ರಬಕವಿ ಬನಹಟ್ಟಿಯ ಮಗ್ಗದವರ ಕೈ ಸೇರುತ್ತಿತ್ತು. ಮುಂಬಯಿಯಲ್ಲಿದ್ದ ಒಬ್ಬ ಜರ್ಮನ್ ಬಣ್ಣದ ಕಂಪನಿಯ ಸಾಹೇಬ, ಅಜ್ಜನ ಒಬ್ಬಳೇ ಮಗಳ ಮದುವೆಗೆ ಈ ಪಾಟಿಯನ್ನು ಆಯೇರಿ, ಅಂದರೆ ಮದುವೆಯ ಉಡುಗೊರೆ ಎಂದು ಕಳಿಸಿದ. ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಬಂತಂತೆ. ಚಿತ್ರ ಯಾವುದರದು ಎಂದು ಹೇಳುವ ಕಾಗದ ಜೊತೆಗಿತ್ತೋ ಇಲ್ಲವೋ, ಇದ್ದರೂ ಓದುವವರು ಇಲ್ಲಿ ಯಾರಿದ್ದರು?

ಚಿತ್ರದಲ್ಲಿ ಮೂವರು ಹೆಂಗಸರು. ಮಣ್ಣಿನ ದಾರಿ, ಹಿಂದೆ ಬೋಳು ಗುಡ್ಡ. ನಡುವೆ ಕಪ್ಪು ವಸ್ತ್ರವನ್ನು ತಲೆ ತುಂಬ ಹೊದ್ದ ಮುದುಕಿ. ಅವಳ ಕೊರಳು ತಬ್ಬಿ ನಿಂತ ಹರೆಯದವಳು ಒಬ್ಬಳು. ಸ್ವಲ್ಪ ಆಚೆ, ಅರ್ಧ ತಿರುಗಿ, ಬಟ್ಟೆಯ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತ ಹೊರಟ ಇನ್ನೊಬ್ಬಳು. ಮುದುಕಿಯ ಕೈಯ ನರಗಳನ್ನು ಕೂಡ ಎಣಿಸಬಹುದು, ಕೆಲಸ ಅಷ್ಟು ನಯ.

ಮಗಳನ್ನು ಗಂಡನ ಮನೆಗೆ ಕಳಿಸುವ ವಾರವೇ ಪೆಟ್ಟಿಗೆ ಬಂದದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ತಾಯಿ ಮಗಳನ್ನು ಕಳಿಸಿಕೊಡುತ್ತಿದ್ದಾಳೆ, ಇನ್ನೇನು? ಆಚೆ ಹೊರಟವಳು ಬಂಡಿ ಬಂತೇ ಎಂದು ನೋಡಲು ಹೋದ ತಂಗಿ. ಬಂಡಿ ಚಿತ್ರದ ಹೊರಗಿದೆ, ಅಳಿಯ ಬಂಡಿಯಲ್ಲಿ ಕೂತಿದ್ದಾನೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಎಲ್ಲ ಪ್ರಶ್ನೆಗಳಿಗೂ ಹೀಗೆ ಉತ್ತರ ಸಿದ್ಧವಾಗಿತ್ತು.

ಆ ಮಗಳು ಪಾಟಿಯನ್ನು ಗಂಡನ ಮನೆಗೆ ಒಯ್ಯಲಿಲ್ಲ. "ಇಲ್ಲೇ ಇರ್ಲಿ. ನಾ ಬಂದಾಗ ನಾನಽ ತಗದು ನೋಡ್ತೇನಿ. ಬ್ಯಾರೆ ಯಾರೂ ಮುಟ್ಟಬ್ಯಾಡ್ರಿ" ಎಂದು ಅತ್ತು ಹೋದಳಂತೆ. ಕಾನೂನು ಶುರುವಾದದ್ದು ಅಲ್ಲಿಂದ. ಪಾಟಿಯನ್ನು ಮುಟ್ಟುವ ಹಕ್ಕು ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಮಾತ್ರ. ಅವರು ನಾಗರ ಪಂಚಮಿಗೆ ತವರಿಗೆ ಬಂದಾಗ ಅದನ್ನು ಗೋಡೆಯಿಂದ ಇಳಿಸಿ, ಒರೆಸಿ, ಚಿತ್ರದ ಮೂವರ ಹಣೆಗೂ ಕುಂಕುಮ ಹಚ್ಚಬೇಕು. ಅವರು ಮರಳಿ ಹೊರಡುವಾಗ ಅದರ ಮುಂದೆ ಕೂಡಿಸಿ ಉಡಿ ತುಂಬಬೇಕು, ಅಂದರೆ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಬುಸದ ಕಣ ಎನ್ನುವ ರವಿಕೆ ಬಟ್ಟೆ ಹಾಕಿ ಹರಸಬೇಕು. ಸೊಸೆಯಂದಿರು ಆ ಹೊತ್ತಿನಲ್ಲಿ ಹೊಸ್ತಿಲಾಚೆ ತಾಟು ಹಿಡಿದು ನಿಲ್ಲಬೇಕು. ಸೊಸೆ ಮುಟ್ಟಿದರೆ ಮಗಳ ಬಾಳಿಗೆ ಕೇಡು ಎಂದು ಯಾರು ಸೇರಿಸಿದರೋ, ಅದೂ ಸೇರಿಕೊಂಡಿತು. ಒಮ್ಮೆ ಸುಣ್ಣ ಬಳಿಯುವವನು ಬಂದು ಎರಡು ದಿನ ಸುಮ್ಮನೆ ಕೂತಿದ್ದ. ಮುಧೋಳದಿಂದ ನನ್ನ ನಾದಿನಿ ಬಂದು ಪಾಟಿ ಇಳಿಸುವ ತನಕ ಆ ಗೋಡೆಗೆ ಸುಣ್ಣ ಬೀಳಲಿಲ್ಲ.

ಇದನ್ನು ಕಟ್ಟುನಿಟ್ಟಾಗಿ ನಡೆಸುತ್ತಿದ್ದವರು ನನ್ನ ಅತ್ತೆ. ಅವರೂ ಸೊಸೆಯೇ. ಹದಿನೈದನೇ ವಯಸ್ಸಿಗೆ ತೇರದಾಳದಿಂದ ಈ ಮನೆಗೆ ಬಂದವರು, ಅಂದಿನಿಂದ ಒಮ್ಮೆಯೂ ಪಾಟಿ ಮುಟ್ಟಿದವರಲ್ಲ. ಮಗಳ ಉಡಿಯನ್ನು ಕೂಡ ಓಣಿಯ ಮುತ್ತೈದೆಯರ ಕೈಯಿಂದ ತುಂಬಿಸಿ, ತಾವು ಹೊಸ್ತಿಲ ಈಚೆ ನಿಂತಿರುತ್ತಿದ್ದರು.

ನಾನು ಬೀಳಗಿಯವಳು, ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಮದುವೆಯಾದ ಮೊದಲ ಪಂಚಮಿಯಂದೇ ಬಾಯಿ ತೆರೆದೆ.

"ಅತ್ತಿ, ಈ ಮೂರೂ ಮಂದಿ ಕೊರಳಾಗ ತಾಳಿ ಇಲ್ಲಲ್ರಿ? ಕೈಯಾಗ ಬಳಿನೂ ಇಲ್ಲ."

"ಆ ದೇಶದಾಗ ತಾಳಿ ಎಲ್ಲಿಂದ ತರ್ತಾರ? ಸಾಲಿ ಕಲ್ತಾಕಿ ಅಂತ ಎಲ್ಲಾದ್ರಾಗೂ ತಪ್ಪು ಹುಡುಕಬ್ಯಾಡ. ತಾಟು ನೆಟ್ಟಗ ಹಿಡಿ."

ನೆಟ್ಟಗೆ ಹಿಡಿದೆ. ಒಂಬತ್ತು ವರ್ಷ ಸಂಸಾರ ಮಾಡಿದೆ. ಒಂದು ಮುಂಜಾನೆ ಮಗ್ಗದ ಮನೆಯಲ್ಲಿ ಎದೆ ಹಿಡಿದುಕೊಂಡು ಕೂತ ನನ್ನ ಗಂಡ ಮತ್ತೆ ಏಳಲಿಲ್ಲ. ನಮಗೆ ಮಕ್ಕಳಾಗಿರಲಿಲ್ಲ. ಮಾವ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಮಗ್ಗಗಳನ್ನು ಬೇರೆಯವರಿಗೆ ಕೊಟ್ಟೆವು. ದೊಡ್ಡ ಮನೆಯಲ್ಲಿ ಅತ್ತೆ, ನಾನು ಇಬ್ಬರೇ ಉಳಿದೆವು. ಆಮೇಲಿನ ಪಂಚಮಿಗಳಲ್ಲಿ ನನ್ನ ಕೈಗೆ ತಾಟೂ ಬರಲಿಲ್ಲ. ಅತ್ತೆ, ನಾನು ಇಬ್ಬರೂ ಬರಿಹಣೆಯಲ್ಲಿ ಹೊಸ್ತಿಲಾಚೆ ನಿಂತು ನೋಡುತ್ತಿದ್ದೆವು. ಒಳಗೆ ಪಿಂಗಾಣಿಯ ಮೂವರು ಹೆಂಗಸರು ಕುಂಕುಮ ಹಚ್ಚಿಸಿಕೊಳ್ಳುತ್ತಿದ್ದರು.

ಅತ್ತೆಗಾಗಿ ನಾನು ಉಳಿದೆ ಎಂದು ಓಣಿಯವರು ಈಗಲೂ ಹೊಗಳುತ್ತಾರೆ. ಹಾಗೇನೂ ಇಲ್ಲ. ಶಾಲೆ ಮನೆಯಿಂದ ಐದು ನಿಮಿಷದ ದಾರಿಯಲ್ಲಿತ್ತು. ಬೀಳಗಿಯ ತವರಿನಲ್ಲಿ ಅಣ್ಣಂದಿರ ಸಂಸಾರ ದೊಡ್ಡದಾಗಿತ್ತು. ಅಲ್ಲದೆ ನಾನು ಹಟಮಾರಿ, ಯಾರೋ ಕಳಿಸಿದರೆ ಹೋಗುವವಳಲ್ಲ. ಹೋದದ್ದು ಒಂದೇ ಸಲ, ಅದೂ ನನ್ನ ಸಿಟ್ಟಿಗೆ.

ಗಂಡ ಹೋದ ಎರಡನೇ ವರ್ಷ. ಒಂದು ದಿನ ನೋಡುತ್ತೇನೆ, ಪಾಟಿಯ ಮೇಲೆ ಹಲ್ಲಿ ಹೊಲಸು ಮಾಡಿದೆ, ಸರಿಯಾಗಿ ಮುದುಕಿಯ ಮುಖದ ಮೇಲೆ. ಪಂಚಮಿಗೆ ಇನ್ನೂ ಮೂರು ವಾರ. ಮೂರು ವಾರ ಅದು ಹಾಗೇ ಇರಬೇಕೇ? ಹಸಿ ಬಟ್ಟೆ ತಂದು ಒರೆಸಿಬಿಟ್ಟೆ. ಹಿಂದೆ ತಿರುಗಿದರೆ ಅತ್ತೆ ನಿಂತಿದ್ದಾರೆ.

"ಮುಟ್ಟಿದೇನು? ನಿನ್ನ ಹಣೇಬರಾ ನಿನಗ ಸಾಲಲಿಲ್ಲೇನು? ನನ್ನ ಮಗಳ ಸಂಸಾರಕ್ಕೂ ಅದನ್ನ ಹಚ್ತಿಯೇನು?"

ಈಗ ಬರೆಯುವಾಗಲೂ ಆ ಮಾತಿಗೆ ನನ್ನ ಕಿವಿ ಬಿಸಿಯಾಗುತ್ತದೆ. ಚೀಲದಲ್ಲಿ ನಾಲ್ಕು ಸೀರೆ ತುರುಕಿ, ಜಮಖಂಡಿ ಬಸ್ಸು ಹತ್ತಿ, ಅಲ್ಲಿ ಇಳಿದು ಬೀಳಗಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಮರಳಿ ಬರಬಾರದೆಂದೇ ಹೊರಟಿದ್ದೆ. ಕಂಡಕ್ಟರ್ ಬಂದು "ಎಲ್ಲಿಗ್ರಿ ಅಕ್ಕೋರ?" ಎಂದ. ಟಿಕೀಟಿಗೆಂದು ಸೊಂಟಕ್ಕೆ ಕೈ ಹಾಕಿದರೆ ಕೈಗೆ ಸಿಕ್ಕದ್ದು ಶಾಲೆಯ ಕಪಾಟಿನ ಕೀಲಿ. ಮರುದಿನ ಮಕ್ಕಳ ಕಿರುಪರೀಕ್ಷೆ, ಪ್ರಶ್ನೆಪತ್ರಿಕೆಗಳೆಲ್ಲ ಆ ಕಪಾಟಿನಲ್ಲಿ. ಥೂ ನನ್ನ ನೌಕರಿಯೇ ಎಂದು ಬೈದುಕೊಂಡು ಇಳಿದೆ.

ಮನೆಗೆ ಬಂದಾಗ ಸಂಜೆ ಐದು. ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. "ಜಮಖಂಡಿಗೆ ಆಫೀಸ್ ಕೆಲಸಕ್ಕ ಹೋಗಿದ್ದೆ" ಎಂದೆ. ಅವರು ಚೀಲ ನೋಡಿದರು, ನನ್ನನ್ನು ನೋಡಿದರು, ಎದ್ದು ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದರು. ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಎಂದೂ ರೊಟ್ಟಿ ಮಾಡುವುದಿಲ್ಲ. ನಾನು ಹೇಳಿದ್ದನ್ನು ನಂಬಿದರು ಎಂದುಕೊಂಡು ಎರಡು ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ತಿಂದೆ. ಆ ವಿಷಯ ಮತ್ತೆ ಯಾರೂ ಎತ್ತಲಿಲ್ಲ.

ಆಮೇಲೆ ಇಪ್ಪತ್ತೈದು ವರ್ಷ ಜೊತೆಗಿದ್ದೇವೆ. ಜಗಳವಾಡದ ದಿನ ಇಲ್ಲ. ಚಹಾಕ್ಕೆ ಸಕ್ಕರೆ ಕಡಿಮೆ, ಟಿವಿಯ ದನಿ ಹೆಚ್ಚು, ಬಟ್ಟೆ ಒಣಗಿಸಿದ ರೀತಿ ಸರಿಯಿಲ್ಲ, ಯಾವುದಾದರೂ ಸಾಕು. ಆದರೆ ಶಾಲೆ ಬಿಡುವ ಹೊತ್ತಿಗೆ ಅವರು ಕಟ್ಟೆಯ ಮೇಲೆ ಬಂದು ಕೂತಿರುತ್ತಿದ್ದರು, ನಾನು ಬಂದ ಮೇಲೆಯೇ ಅವರ ಸಂಜೆಯ ಚಹಾ. ಭಾನುವಾರ ಅವರ ತಲೆಗೆ ನಾನು ಎಣ್ಣೆ ಹಚ್ಚಬೇಕು, ಮೆಲ್ಲಗೆ ತಿಕ್ಕಿದರೆ "ಕೈಯಾಗ ಜೀವ ಇಲ್ಲೇನು?" ಎನ್ನುತ್ತಿದ್ದರು. ನನಗೆ ಬೇರೆ ಮನೆ ಎಂಬುದು ಯಾವಾಗ ಇಲ್ಲದಾಯಿತೋ ನನಗೇ ತಿಳಿಯಲಿಲ್ಲ.

ಕಳೆದ ವರ್ಷ ನಿವೃತ್ತಳಾದೆ. ಈ ವರ್ಷ ಬೇಸಿಗೆಯಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ಆಪರೇಷನ್ ಆಯಿತು. ಮನೆಗೆ ಬಂದ ಮೇಲೆ ಅವರ ಮಂಚವನ್ನು ದೇವರ ಕೋಣೆಗೆ ಎದುರಾಗಿ ನಡುಮನೆಯಲ್ಲಿ ಹಾಕಿದೆ. ನಾದಿನಿ ಬಂದು ಹದಿನೈದು ದಿನ ಇದ್ದಳು. ಹೊರಡುವ ದಿನ ಅಡುಗೆಮನೆಗೆ ಬಂದಳು.

"ವೈನಿ, ನೀವು ಮಾಡೂದೆಲ್ಲಾ ಮಾಡೀರಿ. ನಿಮಗೂ ವಯಸ್ಸಾತು. ಒಬ್ರಽ ಅವ್ವನ್ನ ಎತ್ತಿ ಇಳಿಸಿ ಮಾಡಾಕ ಆಗಂಗಿಲ್ಲ. ಪಂಚಮಿಗೆ ಗಾಡಿ ತೊಗೊಂಡು ಬರ್ತೇನಿ, ಅವ್ವನ್ನ ಮುಧೋಳಕ್ಕ ಕರ್ಕೊಂಡು ಹೋಗ್ತೇನಿ. ಪಾಟೀನೂ ಒಯ್ತೇನಿ. ಅವ್ವ ನನ್ನ ಹತ್ರ ಇದ್ರ ಪಂಚಮಿಗೆ ನಾ ಇಲ್ಲಿಗೆ ಬರೂದಿಲ್ಲ, ಅದಕ್ಕ ಇಲ್ಲಿ ಯಾರು ಕುಂಕುಮ ಹಚ್ಚೋರು?"

ಅವಳು ಕೆಟ್ಟವಳಲ್ಲ. ತಾಯಿಯ ಮೇಲಿನ ಪ್ರೀತಿಗೆ ಹೇಳಿದಳು, ನನ್ನ ಮೇಲಿನ ಕನಿಕರಕ್ಕೂ ಹೇಳಿದಳು. "ಆತು ಬಿಡು" ಎಂದೆ. ಅತ್ತೆಯನ್ನು ಕೇಳಿದಾಗ "ಮಗಳು ಕರದ್ರ ಒಲ್ಲೆ ಅನ್ನಾಕ ಬರ್ತೈತೇನು?" ಎಂದರು. ನನಗೆ ಅತ್ತೆ ಹೋಗುವುದು ಬೇಡವಾಗಿತ್ತು. ಎಷ್ಟು ಬೇಡವಾಗಿತ್ತೆಂದರೆ, ಅವಳ ಗಾಡಿ ಓಣಿ ದಾಟಿದ ಮೇಲೆ ಹಿತ್ತಲಿಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಆದರೆ ಇರ್ರಿ ಎಂದು ಬಾಯಿಬಿಟ್ಟು ಹೇಳಲು ನಾನು ಯಾರು? ಹೊಟ್ಟೆಯ ಮಗಳು ಕರೆಯುತ್ತಿದ್ದಾಳೆ, ತಡೆಯುವವಳು ಸೊಸೆ. ಬೇಡಿಕೊಂಡು ಇಲ್ಲ ಅನ್ನಿಸಿಕೊಳ್ಳುವ ಅಂಜಿಕೆಯೂ ಇತ್ತು, ಸುಳ್ಳೇಕೆ ಹೇಳಲಿ?

ಪಂಚಮಿಗೆ ಹತ್ತು ದಿನ ಇರುವಾಗ ಜಮಖಂಡಿಯಿಂದ ನನ್ನ ಗೆಳತಿ ಅತ್ತೆಯನ್ನು ನೋಡಲು ಬಂದರು. ನನ್ನ ಜೊತೆ ಶಿಕ್ಷಕಿಯಾಗಿದ್ದವರು, ಕ್ರೈಸ್ತರು. ನಮ್ಮ ಮನೆಗೆ ಅದೆಷ್ಟೋ ಸಲ ಬಂದಿದ್ದರು, ಆದರೆ ಯಾವಾಗಲೂ ಪಡಸಾಲೆಯಲ್ಲಿ ಕೂತು ಎದ್ದು ಹೋದವರು. ಈ ಸಲ ಮಂಚದ ಪಕ್ಕ ಕುರ್ಚಿ ಹಾಕಿದೆ. ಮಾತಾಡುತ್ತ ಮಾತಾಡುತ್ತ ಅವರ ಕಣ್ಣು ತೆರೆದ ಬಾಗಿಲಿನಿಂದ ದೇವರ ಕೋಣೆಗೆ ಹೋಯಿತು. ಕನ್ನಡಕ ಹಾಕಿಕೊಂಡು ಎದ್ದು ಹೊಸ್ತಿಲ ತನಕ ಹೋದರು.

"ಅಕ್ಕೋರ, ಇದು ನಮ್ಮ ಬೈಬಲ್ಲಿನ ಚಿತ್ರ ಅಲ್ರಿ? ನಿಮ್ಮ ದೇವರ ಕೋಣ್ಯಾಗ ಹೆಂಗ ಬಂತು? ಸ್ವಲ್ಪ ಹತ್ರ ತರ್ತೀರೇನು?"

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಸ್ವಲ್ಪ ಯೋಚಿಸಿ ತೀರ್ಪು ಕೊಟ್ಟರು. "ನೀ ಮುಟ್ಟಬ್ಯಾಡ. ಆಕಿ ಈ ಮನಿ ಸೊಸಿ ಅಲ್ಲಲ್ಲ. ಆಕಿ ತಗೀಲಿ."

ಗೆಳತಿ ನಕ್ಕು, ಇಳಿಸಿ, ಕಿಟಕಿಯ ಬೆಳಕಿಗೆ ತಂದರು. ಹಿಂಬದಿ ತಿರುಗಿಸಿದರು. ಪಿಂಗಾಣಿಯಲ್ಲಿ ಒತ್ತಿದ ಕಾರಖಾನೆಯ ಗುರುತು, ಅದರ ಕೆಳಗೆ ಮಾಸಿದ ಶಾಯಿಯಲ್ಲಿ ಏನೋ ಬರಹ. ಜರ್ಮನ್ ಅವರಿಗೂ ಬರದು. ಆದರೆ ನಡುವೆ ಇದ್ದ ಮೂರು ಹೆಸರುಗಳನ್ನು ಅಕ್ಷರ ಕೂಡಿಸಿ ಓದಿದರು. "ಹೌದು, ಅವರಽ" ಎಂದರು. ಈ ಬರಹದಲ್ಲಿ ಯಾರ ಹೆಸರೂ ಬೇಡವೆಂದು ಶುರುಮಾಡಿದ್ದೇನೆ, ಆ ಮೂವರದೂ ಬೇಡ.

ಕಥೆ ಹೇಳಿದರು. ಬರ ಬಿದ್ದು ಒಂದು ಕುಟುಂಬ ಪರದೇಶಕ್ಕೆ ಹೋಗುತ್ತದೆ. ಅಲ್ಲಿ ಗಂಡ ಸಾಯುತ್ತಾನೆ. ಇಬ್ಬರು ಗಂಡುಮಕ್ಕಳು ಅಲ್ಲಿಯ ಹುಡುಗಿಯರನ್ನೇ ಮದುವೆಯಾಗುತ್ತಾರೆ, ಆಮೇಲೆ ಅವರೂ ಸಾಯುತ್ತಾರೆ. ಮೂವರು ವಿಧವೆಯರು ಉಳಿಯುತ್ತಾರೆ. ಮುದುಕಿ ತನ್ನ ಊರಿಗೆ ಹೊರಟಾಗ ಸೊಸೆಯರಿಬ್ಬರೂ ಜೊತೆಗೆ ಹೊರಡುತ್ತಾರೆ. ನನ್ನ ಸಂಗಡ ಬಂದು ನಿಮಗೇನು ಸಿಕ್ಕೀತು, ನಿಮ್ಮ ನಿಮ್ಮ ತವರಿಗೆ ಹೋಗಿರಿ ಎನ್ನುತ್ತಾಳೆ ಅವಳು. ಒಬ್ಬಳು ಅತ್ತು, ಹೊರಟುಹೋಗುತ್ತಾಳೆ. ಇನ್ನೊಬ್ಬಳು ಬಿಡುವುದಿಲ್ಲ. ತಬ್ಬಿ ನಿಂತವಳು ಅವಳೇ.

"ತಾಯಿ ಮಗಳು ಅಲ್ಲೇನ್ರಿ?" ಎಂದೆ.

"ಎಲ್ಲೀ ಮಗಳು? ಅತ್ತಿ, ಸೊಸಿ ರೀ."

ಆಮೇಲೆ ಅವರು ಚಿತ್ರದ ಹಣೆಗಳ ಮೇಲೆ ಬೆರಳಾಡಿಸಿದರು. ನೂರು ವರ್ಷ ಕುಂಕುಮ ಹಚ್ಚಿ ಒರೆಸಿ, ಹಚ್ಚಿ ಒರೆಸಿ, ಅಲ್ಲಿ ಬಣ್ಣ ಸವೆದು ಮೂರು ಬಿಳಿ ಚುಕ್ಕೆ ಬಿದ್ದಿವೆ. ನಾನು ಮಂಚದ ಕಡೆ ನೋಡಿದೆ. ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ನಿದ್ದೆ ಬಂದಿರಲಿಲ್ಲ.

ಮೂರನೇ ದಿನ ಊಟಕ್ಕೆ ಬಡಿಸುವಾಗ ಅತ್ತೆ ಒಮ್ಮೆಲೇ ಕೇಳಿದರು. "ಆ ಸೊಸಿಗೆ ಮಕ್ಕಳಿದ್ದುವೇನು?"

ಯಾವ ಸೊಸೆ ಎಂದು ಕೇಳುವ ಅಗತ್ಯವಿರಲಿಲ್ಲ. ನನಗೆ ಗೊತ್ತಿರಲಿಲ್ಲವಾದ್ದರಿಂದ ಗೆಳತಿಗೆ ಫೋನು ಮಾಡಿ ಕೇಳಿ ಬಂದು "ಆವಾಗ ಇದ್ದಿಲ್ಲಂತ್ರಿ" ಎಂದೆ. ಮರುದಿನ ಔಷಧ ಕೊಡುವಾಗ, "ತವರು ಗಟ್ಟಿ ಇತ್ತೇನು ಆಕೀದು?" ಮತ್ತೆ ಫೋನು. ಇನ್ನೊಂದು ದಿನ, "ಆ ಮುದುಕಿ ಆಕೀನ್ನ ಬೈತಿದ್ಲೇನು?" ಈ ಪ್ರಶ್ನೆಗೆ ಗೆಳತಿ ಫೋನಿನಲ್ಲೇ ನಗತೊಡಗಿದರು. "ಬೈದದ್ದು ಎಲ್ಲೂ ಬರದಿಲ್ಲ, ಅಕ್ಕೋರ. ಹಿಂಗಽ ಕೇಳಾಕತ್ರ ನಿಮ್ಮ ಅತ್ತೀನ್ನ ಭಾನುವಾರ ನಮ್ಮ ಚರ್ಚಿಗೆ ಕಳಸ್ರಿ." ಬೈದದ್ದು ಬರೆದಿಲ್ಲವಂತೆ ಎಂದು ಅತ್ತೆಗೆ ಹೇಳಿದೆ. "ಬರ್ಯೋರು ಎಲ್ಲಾ ಬರೀತಾರೇನು?" ಎಂದರು.

ಪಂಚಮಿ ಬಂತು. ನಾದಿನಿ ಮುಂಜಾನೆಯೇ ಬಂದಳು, ಡಬ್ಬಿ ತುಂಬ ಶೇಂಗಾ ಉಂಡೆ, ಎಳ್ಳುಂಡೆ ತಂದಿದ್ದಳು. ಅತ್ತೆಯ ಬಟ್ಟೆಯ ಚೀಲ, ಔಷಧದ ಚೀಲ, ಹಾಸಿಗೆ ಎಲ್ಲ ಆಗಲೇ ಗಾಡಿ ಸೇರಿದ್ದವು. ಊಟ ಮುಗಿಸಿ ಹೊರಡುವುದೆಂದು ಮಾತಾಗಿತ್ತು. ನಾನು ಆ ದಿನ ಯಾರ ಮುಖವನ್ನೂ ನೋಡದೆ ಕೆಲಸ ಮಾಡಿದೆ. ಹೋಳಿಗೆ ಎರಡು ಸುಟ್ಟುಹೋದವು.

ಊಟಕ್ಕೆ ಮೊದಲು ಪಾಟಿ. ನಾದಿನಿ ಅದನ್ನು ಇಳಿಸಿ ಮಣೆಯ ಮೇಲೆ ಇಟ್ಟು ಒರೆಸಿದಳು. ಅತ್ತೆ ವಾಕರ್ ಹಿಡಿದು ಬಂದು ಹೊಸ್ತಿಲ ಈಚೆ ನಿಂತರು, ಪಕ್ಕದಲ್ಲಿ ನಾನು. ನಾದಿನಿ ಬೆರಳಿಗೆ ಕುಂಕುಮ ತೆಗೆದುಕೊಂಡು ಮುದುಕಿಯ ಹಣೆಗೆ ಹಚ್ಚಿದಳು. ತಬ್ಬಿ ನಿಂತವಳ ಹಣೆಗೆ ಬೆರಳು ಒಯ್ದಾಗ ಅತ್ತೆ ಹೇಳಿದರು.

"ತಡಿ. ಆಕಿ ಮಗಳಲ್ಲ ಬೇ. ಸೊಸಿ."

"ಏನರ ಹೇಳ್ತಿ ಬಿಡ ಅವ್ವ."

"ಖರೇನಽ. ಹಿಂದ ಬರದೈತಿ. ನಿಮ್ಮ ವೈನೀನ ಕೇಳು."

ನಾನು ಹೇಳಿದೆ. ಪಾಠ ಹೇಳಿದ ಹಾಗೆ, ಒಂದೇ ದನಿಯಲ್ಲಿ, ಬರದಿಂದ ಹಿಡಿದು ದಾರಿಯ ತನಕ. ನಾದಿನಿಯ ಕುಂಕುಮದ ಬೆರಳು ನಿಂತಲ್ಲೇ ನಿಂತಿತ್ತು.

"ಅಂದ್ರ ಈ ಮೂರೂ ಮಂದಿ..." ಎಂದಳು. ಗಾಬರಿಯಾಗಿ, ಬಟ್ಟೆ ತೆಗೆದುಕೊಂಡು ಮುದುಕಿಯ ಹಣೆಯ ಕುಂಕುಮ ಒರೆಸಹೋದಳು.

"ಒರಸಬ್ಯಾಡ!"

ಆಪರೇಷನ್ ಆದ ಮೇಲೆ ಅತ್ತೆಯ ದನಿ ಅಷ್ಟು ದೊಡ್ಡದಾಗಿ ನಾನು ಕೇಳಿರಲಿಲ್ಲ. ನಾದಿನಿ ಬಟ್ಟೆ ಕೆಳಗಿಟ್ಟಳು.

"ನೂರು ವರ್ಷ ಹಚ್ಚೇವಿ. ಅವರಿಗೇನೂ ಆಗಿಲ್ಲ, ನಮ್ಮ ಹೆಣ್ಣುಮಕ್ಕಳಿಗೂ ಏನೂ ಆಗಿಲ್ಲ. ಇಷ್ಟು ವರ್ಷ ಹೊರಗ ನಿಂತದ್ದು ನಾವಽ ಹುಚ್ಚರು. ಮೂರೂ ಮಂದಿಗೆ ಹಚ್ಚು. ಆಮ್ಯಾಲೆ ಆ ಬಟ್ಟಲಾ ಇಲ್ಲಿ ತಾ."

ನಾದಿನಿ ಹಚ್ಚಿದಳು, ಹೊರಟವಳಿಗೂ ಹಚ್ಚಿದಳು. ಬಟ್ಟಲು ತಂದು ತಾಯಿಯ ಮುಂದೆ ಹಿಡಿದಳು. ಅತ್ತೆ ಒಂದು ಕೈಯಲ್ಲಿ ವಾಕರ್ ಹಿಡಿದು ಇನ್ನೊಂದು ಕೈಯ ಬೆರಳನ್ನು ಕುಂಕುಮದಲ್ಲಿ ಅದ್ದಿ "ಬಗ್ಗು" ಎಂದರು. ನನಗೆ ಹೇಳಿದ್ದೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಬಗ್ಗಿದೆ. ಕುಂಕುಮ ಹಣೆಗಿಂತ ಹೆಚ್ಚು ಮೂಗಿನ ಮೇಲೆ ಬಿತ್ತು. ಇಪ್ಪತ್ತೇಳು ವರ್ಷಗಳ ಮೇಲೆ ನನ್ನ ಹಣೆಗೆ ಕುಂಕುಮ ಬಂದದ್ದು. ಇಬ್ಬರ ಮುಂದೆಯೂ ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

"ಆತು, ನನ್ನ ಹಿಡಿ. ಒಳಗ ಹೋಗೂಣು" ಎಂದರು ಅತ್ತೆ.

ನಾನು ಒಂದು ಕಡೆ, ನಾದಿನಿ ಒಂದು ಕಡೆ ಹಿಡಿದು ಹೊಸ್ತಿಲು ದಾಟಿಸಿ ಕುರ್ಚಿಯಲ್ಲಿ ಕೂಡಿಸಿದೆವು. ಪಾಟಿಯನ್ನು ಅವರ ತೊಡೆಯ ಮೇಲೆ ಇಟ್ಟೆ. ಇಟ್ಟ ಮೇಲೆ ಹೊಳೆಯಿತು, ಎತ್ತಿಕೊಟ್ಟವಳು ನಾನು. ಅತ್ತೆ ಅಂಗೈಯನ್ನು ಚಿತ್ರದ ಮೇಲೆ ಇಟ್ಟರು.

"ಎಷ್ಟು ತಣ್ಣಗೈತಿ ಬೇ ಇದು" ಎಂದರು. ಅರುವತ್ತು ವರ್ಷಕ್ಕೂ ಹೆಚ್ಚು ಕಾಲ ದಿನಾ ನೋಡಿದ ವಸ್ತು ತಣ್ಣಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಆಮೇಲೆ ಮಗಳ ಕಡೆ ತಿರುಗಿದರು. "ಗಾಡ್ಯಾಗಿನ ಸಾಮಾನು ಇಳಸು. ಹೆಣ್ಣುಮಕ್ಕಳ ವಸ್ತು ಅಂತ ಇದನ್ನ ನಿನಗ ಕೊಡಾಕ ಒಪ್ಪಿದ್ದೆ. ಇದರಾಗ ಮನಿ ಮಗಳಽ ಇಲ್ಲ. ಇದು ಈ ಮನ್ಯಾಗಽ ಇರ್ಲಿ. ನಾನೂ ಇಲ್ಲೇ ಇರ್ತೇನಿ."

ನಾದಿನಿಯ ಕಣ್ಣು ತುಂಬಿದವು. "ಹಂಗಾರ ಈ ಚಿತ್ರದಾಗ ನಾ ಎಲ್ಲಿ ಅದೇನಿ ಅವ್ವ?" ಎಂದು ಕೇಳಿದಳು. ಐವತ್ತು ದಾಟಿದವಳು ಐದು ವರ್ಷದ ಮಗುವಿನಂತೆ ಕೇಳಿದಳು.

"ನೀ ಕುಂಕುಮ ಹಚ್ಚಾಕಿ ಬೇ. ಹಿಂದಕೂ ನೀನಽ, ಇನ್ನ ಮುಂದಕೂ ನೀನಽ. ವರ್ಷಾ ಬಾ, ಮೂರು ಮಂದಿಗಲ್ಲ, ಐದು ಮಂದಿಗೆ ಹಚ್ಚಿ ಹೋಗು."

ಅವಳು ಅಳುತ್ತಲೇ ನಕ್ಕಳು. ಸಾಮಾನು ಇಳಿಸಿದೆವು. ಸುಟ್ಟ ಹೋಳಿಗೆಗಳನ್ನು ನಾನು ತಿಂದೆ, ಚೆನ್ನಾಗಿದ್ದವನ್ನು ಅವಳಿಗೆ ಬಡಿಸಿದೆ. ಹೊರಡುವಾಗ ಪಾಟಿಯ ಮುಂದೆ ಕೂಡಿಸಿ ಅವಳ ಉಡಿ ತುಂಬಿದೆವು. ಈ ಸಲ ಓಣಿಯಿಂದ ಯಾರನ್ನೂ ಕರೆಯಲಿಲ್ಲ. ಅತ್ತೆ ಅಕ್ಕಿ ಹಾಕಿದರು, ನಾನು ಕೊಬ್ಬರಿ ಬಟ್ಟಲು ಹಾಕಿದೆ. ಓಣಿಯಲ್ಲಿ ಇದಕ್ಕೆ ಏನೇನು ಅಂದರೋ ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ.

ಗಾಡಿ ಹೋದ ಮೇಲೆ ಪಾಟಿಯನ್ನು ಮರಳಿ ಗೋಡೆಗೆ ಹಾಕಲು ಎತ್ತಿದೆ. ಅತ್ತೆ ಕುರ್ಚಿಯಿಂದ, "ಒಂದೀಟು ಹಿಡಿ ಇಲ್ಲಿ" ಎಂದರು. ಅವರ ಮುಂದೆ ಹಿಡಿದೆ. ಕಣ್ಣೊರೆಸಿಕೊಳ್ಳುತ್ತ ಹೊರಟವಳ ಮೇಲೆ ಬೆರಳಿಟ್ಟರು.

"ಈಕಿ ಎಲ್ಲಿಗೆ ಹೊಂಟಾಳ? ಬೀಳಗಿ ಬಸ್ಸಿಗೇನು?"

ಪಾಟಿ ಕೈಜಾರುವುದರಲ್ಲಿತ್ತು. ಎದೆಗೆ ಅವಚಿಕೊಂಡೆ.

"ನಿಮಗ ಯಾರು ಹೇಳಿದ್ರು?"

"ಯಾರರ ಯಾಕ ಹೇಳಬೇಕು? ಆಫೀಸಿಗೆ ಹೋಗಾಕಿ ನಾಕು ಸೀರಿ ಇಟಗೊಂಡು ಹೋಗ್ತಾಳೇನು?"

"ಹಂಗಾರ ಅವತ್ತು ಯಾಕ ಏನೂ ಅನಲಿಲ್ರಿ?"

"ಅಂದ್ರ ಮತ್ತ ಹೋಗ್ತಿದ್ದಿ."

ಸ್ಟೂಲ್ ಹತ್ತಿ ಪಾಟಿಯನ್ನು ಮೊಳೆಗೆ ಸಿಕ್ಕಿಸಿ ಇಳಿದೆ. ಕಣ್ಣು ಮಂಜಾಗಿತ್ತು, ಸರಿಯಾಗಿ ಕೂತಿತೋ ಇಲ್ಲವೋ ಕಾಣಲಿಲ್ಲ.

"ಓರೆ ಆಗೇತಿ" ಎಂದರು ಅತ್ತೆ. "ಸಾಲಿ ಕಲ್ತಾಕಿಗೆ ಅಷ್ಟೂ ಕಾಣಂಗಿಲ್ಲೇನು? ಮತ್ತ ಹತ್ತು, ನೆಟ್ಟಗ ಮಾಡು."

ಮತ್ತೆ ಹತ್ತಿ ನೆಟ್ಟಗೆ ಮಾಡಿದೆ.